ಫೋಕ್ಸ್‌ವ್ಯಾಗನ್ ಬಸ್ಸಿನ 1600 ಎಂಜಿನ್: 1776 ಸಿಸಿಗೆ ಏರಿಸುವ ಬಗೆ

1971ರ ಮಾಡೆಲ್‌ನಿಂದ ಫೋಕ್ಸ್‌ವ್ಯಾಗನ್ ಟೈಪ್ 2 ಬಸ್ಸಿಗೆ ಬಂದ, ಜೋಡಿ ಪೋರ್ಟಿನ ಹೆಡ್ ಇರುವ 1600 ಎಂಜಿನ್ ಕೊಡುವುದು 50 ಎಚ್‌ಪಿ. ಬಸ್ಸು ಖಾಲಿ ಇದ್ದಾಗಲೇ ಸುಮಾರು 1,200 ಕೆಜಿ ತೂಗುತ್ತದೆ. ಹಾಸಿಗೆ, ಒಲೆ, ನೀರಿನ ಟ್ಯಾಂಕು, ನಾಲ್ಕು ಜನ ಸೇರಿದರೆ ಎರಡು ಟನ್ನಿನ ಹತ್ತಿರಕ್ಕೆ ಹೋಗುತ್ತದೆ. ಅದರ ಮೇಲೆ ಮುಖ ಚಪ್ಪಟೆ, ಎದುರುಗಾಳಿಯ ತಡೆ ಪೂರ್ತಿ ಎಂಜಿನ್ನಿನ ಮೇಲೇ ಬೀಳುತ್ತದೆ. ಏರು ಬಂದರೆ ಮೂರನೇ ಗೇರು, ಇನ್ನೂ ಏರಿದರೆ ಎರಡನೇ ಗೇರು, ಹಿಂದೆ ಲಾರಿಗಳ ಸಾಲು. ಹಾಗಾಗಿ ಪವರ್ ಬೇಕು ಅನ್ನಿಸುವುದು ಸಹಜ.

ಆದರೆ ಇದೇ ಎಂಜಿನ್ ಬೀಟಲ್ ಕಾರಿನಲ್ಲೂ ಇರುವುದರಿಂದ, ಬೀಟಲ್‌ಗೆ ಹೇಳಿದ ಪವರ್ ಸೂತ್ರಗಳನ್ನು ಬಸ್ಸಿಗೆ ಹಾಕಿ ಎಂಜಿನ್ ಸುಟ್ಟುಕೊಳ್ಳುವವರು ಬಹಳ. ಬೀಟಲ್ ವೇಗ ಹಿಡಿದ ಮೇಲೆ ಅರ್ಧ ಆಕ್ಸಿಲರೇಟರ್‌ನಲ್ಲಿ ಓಡುತ್ತದೆ. ಬಸ್ಸಿನಲ್ಲಿ ಗಂಟೆಗಟ್ಟಲೆ ಪೆಡಲ್ ನೆಲಕ್ಕೇ ಅಂಟಿರುತ್ತದೆ. ಆದ್ದರಿಂದ ಇಲ್ಲಿ ಎಷ್ಟು ಎಚ್‌ಪಿ ಹುಟ್ಟಿತು ಎಂಬುದಕ್ಕಿಂತ, ಹುಟ್ಟಿದ ಶಾಖವನ್ನು ಎಷ್ಟು ಹೊತ್ತು ಹೊರಗೆ ಹಾಕಬಲ್ಲಿರಿ ಎಂಬುದು ಮುಖ್ಯ. ಬಸ್ಸಿಗೆ ಬೇಕಾದ ಎಂಜಿನ್ 2,000ದಿಂದ 4,000 ಆರ್‌ಪಿಎಂವರೆಗೆ ಗಟ್ಟಿಯಾಗಿ ಎಳೆಯಬೇಕು. ಅದರಾಚೆ ಕೂಗುವ ಎಂಜಿನ್ ಇದಕ್ಕೆ ಬೇಡ. 1968ರಿಂದ 71ರ ಬಸ್ಸಿನಲ್ಲಿ ಡಿಫರೆನ್ಷಿಯಲ್ ಅನುಪಾತ 5.375, ನಾಲ್ಕನೇ ಗೇರು 0.82. 185ಆರ್14 ಟೈರಿನಲ್ಲಿ 100 ಕಿಮೀ ವೇಗಕ್ಕೆ ಎಂಜಿನ್ ಸುಮಾರು 3,600 ಆರ್‌ಪಿಎಂ ತಿರುಗುತ್ತಿರುತ್ತದೆ. ಹೆದ್ದಾರಿಯಲ್ಲಿ ನೀವು ಇರುವುದು ಅಲ್ಲಿಯೇ, ಟಾರ್ಕ್ ಸಿಗಬೇಕಾದ್ದೂ ಅಲ್ಲಿಯೇ.

ಇಲ್ಲಿ ಹೇಳುವುದು 69 ಮಿಮೀ ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಟೈಪ್ 1, ಅಂದರೆ ಬೀಟಲ್ ನಮೂನೆಯ ಎಂಜಿನ್ ಬಗ್ಗೆ. 1972ರಿಂದ ಅನೇಕ ಬಸ್ಸುಗಳಿಗೆ, ಮುಖ್ಯವಾಗಿ ಅಮೆರಿಕಕ್ಕೆ ಹೋದವಕ್ಕೆ, ಟೈಪ್ 4 ಎಂಜಿನ್ ಬಂತು: ಮೊದಲು 1700, ಆಮೇಲೆ 1800, ಕೊನೆಗೆ 2000. ಅದರ ಕೇಸ್ (ಕ್ರ್ಯಾಂಕ್ ಕೂರುವ ಎಂಜಿನ್ನಿನ ಒಡಲು), ಹೆಡ್, ಗಾಳಿ ನಡೆಸುವ ತಗಡು ಎಲ್ಲ ಬೇರೆ. ಅದರಲ್ಲಿ 2000ಕ್ಕೆ 96 ಮಿಮೀ ಪಿಸ್ಟನ್ ಹಾಕಿ 2056 ಸಿಸಿ ಮಾಡುವುದು ರೂಢಿಯ ದಾರಿ, ಆ ಕೆಲಸದ ವಿವರ ಇಲ್ಲಿಲ್ಲ.

ಬಿಚ್ಚುವ ಮೊದಲು ಕಾಗದಪತ್ರ

ಭಾರತದಲ್ಲಿ ನೋಂದಾಯಿಸಿದ ಬಸ್ಸಾಗಿದ್ದರೆ, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ವಾಹನಕ್ಕೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. ಸಿಸಿ ಆರ್‌ಸಿಯಲ್ಲಿರುತ್ತದೆ, ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನು ತಪಾಸಣಾ ಸಂಸ್ಥೆಗೆ ತೋರಿಸಿ ವಾಹನದ ದಾಖಲೆಯಲ್ಲಿ ಬರೆಸಬೇಕು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳಿಗೆ ಎರಡು ವರ್ಷಕ್ಕೊಮ್ಮೆಯ ಹೊಗೆ ತಪಾಸಣೆ ಇಲ್ಲ.

ಬ್ರೇಕನ್ನೂ ಈಗಲೇ ನೋಡಿ. 1971ರ ಮಾಡೆಲ್‌ನಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಇದೆ. ಅದಕ್ಕೂ ಹಿಂದಿನವು ನಾಲ್ಕೂ ಡ್ರಮ್. ಡ್ರಮ್ ಬಸ್ಸಿಗೆ 20 ಎಚ್‌ಪಿ ಸೇರಿಸುವ ಮುನ್ನ ಬ್ರೇಕ್ ಪೂರ್ತಿ ಹೊಸದಾಗಿರಲಿ.

ಯಾವ ಬೋರ್

ಮೂಲ ಅಳತೆ 85.5 ಮಿಮೀ ಬೋರ್ (ಸಿಲಿಂಡರಿನ ಒಳ ವ್ಯಾಸ) × 69 ಮಿಮೀ ಸ್ಟ್ರೋಕ್, ಅಂದರೆ 1584 ಸಿಸಿ. ಇದಕ್ಕೆ ಮೇಲೆ ಸಿಗುವ ಪಿಸ್ಟನ್-ಸಿಲಿಂಡರ್ ಜೋಡಿಗಳು 87, 88, 90.5, 92, 94.

87 ಮತ್ತು 88ರಲ್ಲಿ ಕೇಸನ್ನು ಕತ್ತರಿಸದೆ ಹಾಗೇ ಇಳಿಸುವ ಸಿಲಿಂಡರ್‌ಗಳು ಸಿಗುತ್ತವೆ. ಆಸೆ ಹುಟ್ಟಿಸುವಂಥವು, ಆದರೆ ಒಳಗೋಡೆ ತೆಳ್ಳಗಾಗಿರುತ್ತದೆ. ಬಿಸಿಯಾದಾಗ ಗೋಡೆ ಸೊಟ್ಟಗಾಗಿ ರಿಂಗ್ ಕೂರುವುದಿಲ್ಲ, ಆಯಿಲ್ ಕುಡಿಯುತ್ತದೆ, ಹೆಡ್ ಕೂರುವ ಅಂಚು ಕಿರಿದಾಗಿ ಗ್ಯಾಸ್ ಸೋರುತ್ತದೆ. ಬಸ್ಸಿಗೆ ಬೇಡ. 90.5 ಮತ್ತು 92ಕ್ಕೆ ಕೇಸ್ ಹಾಗೂ ಹೆಡ್ಡಿನಲ್ಲಿ ಮಾಡಬೇಕಾದ ಕಟಿಂಗ್ ಒಂದೇ ಅಳತೆ. ಹೊರ ವ್ಯಾಸ ಒಂದೇ ಇರುವಾಗ ಬೋರ್ ದೊಡ್ಡದಾದರೆ ಗೋಡೆ ತೆಳುವಾಗದೆ ಬೇರೆ ದಾರಿಯಿಲ್ಲ. 60 ಸಿಸಿ ಹೆಚ್ಚಿಗೆ ಸಿಗಲಿ ಎಂದು 92ಕ್ಕೆ ಹೋಗುವುದಕ್ಕಿಂತ 90.5ರ ದಪ್ಪ ಗೋಡೆಯೇ ಬಸ್ಸಿಗೆ ಸರಿ. 94 ಚೆನ್ನಾಗಿಯೇ ಓಡುತ್ತದೆ, ಆದರೆ ಕೇಸಿನಿಂದ ಹೆಚ್ಚು ಲೋಹ ತೆಗೆಯಬೇಕು, ಶಾಖವೂ ಹೆಚ್ಚು.

90.5 × 69 ಅಂದರೆ 1776 ಸಿಸಿ. ಸಾಧಾರಣ ಕ್ಯಾಮ್ (ವಾಲ್ವ್ ಏಳಿಸುವ ದಂಡ), ಎರಡು ಕಾರ್ಬ್ಯುರೇಟರ್ ಜೊತೆ 70 ಎಚ್‌ಪಿ ಆಸುಪಾಸು ಸಿಗುತ್ತದೆ. ಕೈಯಲ್ಲಿ ಹೆಚ್ಚು ಹಣವಿದ್ದರೆ ಅದನ್ನು ಇನ್ನೂ ದೊಡ್ಡ ಬೋರಿಗೆ ಹಾಕಬೇಡಿ. 74 ಮಿಮೀ ಸ್ಟ್ರೋಕಿನ ಕ್ರ್ಯಾಂಕಿಗೆ ಹಾಕಿ: ಅದೇ 90.5 ಪಿಸ್ಟನ್‌ನಲ್ಲಿ 1904 ಸಿಸಿ ಆಗುತ್ತದೆ, ಕೆಳ ಆರ್‌ಪಿಎಂನ ಎಳೆತ ಬಸ್ಸಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಕೇಸ್

ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು. ಹಗುರ, ಆದರೆ ಮೆತ್ತಗೆ. 70ರ ದಶಕದ ಎಎಸ್41 ಗುರುತಿನ ಕೇಸ್ ಸಿಕ್ಕರೆ ಅದನ್ನೇ ಆರಿಸಿ. ಎರಡು ಭಾಗ ಬಿಡಿಸಿ ಕುದಿಬಿಸಿ ನೀರಿನಲ್ಲಿ ತೊಳೆದ ಮೇಲೆ ಮೂರು ಜಾಗ ನೋಡಬೇಕು.

ಒಂದು, ಫ್ಲೈವೀಲ್ ಹಿಂದೆ, 3ನೇ ಸಿಲಿಂಡರ್ ಪಕ್ಕ ಬಿರುಕು. ಇದ್ದರೆ ಆ ಕೇಸ್ ಬಿಟ್ಟುಬಿಡಿ. ಎರಡು, ಮೇನ್ ಬೇರಿಂಗ್ ಕೂರುವ ತೊಟ್ಟಿಲು. ನಡುವಿನ ಬೇರಿಂಗ್ ಜಾಗದಲ್ಲಿ ಉಗುರು ಎಳೆದಾಗ ಅಂಚು ತಡೆದರೆ ಬೇರಿಂಗ್ ಬಡಿದು ತಗ್ಗಾಗಿದೆ ಎಂದರ್ಥ. ಲೈನ್ ಬೋರಿಂಗ್ (ಬೇರಿಂಗ್ ಜಾಗಗಳನ್ನೆಲ್ಲ ಒಂದೇ ಸಾಲಿಗೆ ಕೊರೆಯುವುದು) ಮಾಡಿಸಿ, ಹೊರ ವ್ಯಾಸ 0.5 ಮಿಮೀ ದೊಡ್ಡದಿರುವ ಬೇರಿಂಗ್ ಹಾಕಬೇಕು. ಇದನ್ನು ಬಿಟ್ಟು ಮೇಲೆ ಎಷ್ಟು ಖರ್ಚು ಮಾಡಿದರೂ ಬಿಸಿಯಲ್ಲಿ ಆಯಿಲ್ ಪ್ರೆಷರ್ ನಿಲ್ಲುವುದಿಲ್ಲ. ಮೂರು, ಹೆಡ್ ಸ್ಟಡ್ಡಿನ ಥ್ರೆಡ್. ಹಳೆಯ 10 ಮಿಮೀ ಸ್ಟಡ್ಡುಗಳು ಬಿಸಿಯಲ್ಲಿ ಥ್ರೆಡ್ ಕಿತ್ತುಕೊಂಡು ಬರುತ್ತವೆ. ಎಲ್ಲ 16 ರಂಧ್ರಕ್ಕೂ ಸ್ಟೀಲ್ ಇನ್ಸರ್ಟ್ ಹಾಕಿಸಿ 8 ಮಿಮೀ ಸ್ಟಡ್ಡಿಗೆ ಬದಲಿಸಿ. ತೆಳು ಸ್ಟಡ್ ಎಂದು ಹಿಂಜರಿಯಬೇಡಿ: ಸಿಲಿಂಡರ್ ಬಿಸಿಯಾಗಿ ಉದ್ದವಾದಾಗ 8 ಮಿಮೀ ಸ್ಟಡ್ ಜೊತೆಗೇ ಹಿಗ್ಗುತ್ತದೆ, ಥ್ರೆಡ್ಡಿನ ಮೇಲೆ ಎಳೆತ ಕಡಿಮೆ ಬೀಳುತ್ತದೆ.

ಸಿಲಿಂಡರ್ ರಂಧ್ರ ದೊಡ್ಡದು ಮಾಡಲು ಕೇಸನ್ನು ಲೇತ್‌ಗೆ ಕೊಡುವಾಗ ಸಿಲಿಂಡರ್‌ಗಳನ್ನೂ ಜೊತೆಗೇ ಕೊಡಿ, ಪಟ್ಟಿ ನೋಡಿ ಕತ್ತರಿಸಬಾರದು. ಅದೇ ಸಲ ಫುಲ್-ಫ್ಲೋ ಆಯಿಲ್ ಫಿಲ್ಟರ್‌ಗಾಗಿ ಮೇನ್ ಗ್ಯಾಲರಿಗೆ (ಆಯಿಲ್ ಹರಿಯುವ ಮುಖ್ಯ ದಾರಿ) ಥ್ರೆಡ್ ಹೊಡೆಸಿ. ಮೂಲ ಎಂಜಿನ್ನಿಗೆ ಇರುವುದು ಜಾಲರಿ ಮಾತ್ರ, ಸಣ್ಣ ಲೋಹದ ಪುಡಿ ಅದರಲ್ಲಿ ನಿಲ್ಲುವುದಿಲ್ಲ. ಯಂತ್ರದ ಕೆಲಸವೆಲ್ಲ ಮುಗಿದ ಮೇಲೆ ಗ್ಯಾಲರಿಯ ಪ್ಲಗ್‌ಗಳನ್ನು ತೆಗೆದು, ಉದ್ದ ಬ್ರಷ್ ಹಾಕಿ, ಗಾಳಿ ಹೊಡೆದು ತೊಳೆಯದೆ ಜೋಡಣೆಗೆ ಕೈ ಹಾಕಬೇಡಿ.

ಕ್ರ್ಯಾಂಕ್, ಕ್ಯಾಮ್, ಟ್ಯಾಪೆಟ್

69 ಮಿಮೀ ಕ್ರ್ಯಾಂಕ್ ಸಾಕು. ಕೌಂಟರ್‌ವೇಟ್ ಇರುವುದು ಸಿಕ್ಕರೆ ನಡುವಿನ ಬೇರಿಂಗಿನ ಮೇಲೆ ಹೊಡೆತ ಕಡಿಮೆಯಾಗಿ ಕೇಸ್ ಹೆಚ್ಚು ಬಾಳುತ್ತದೆ. ಫ್ಲೈವೀಲ್‌ಗೆ ನಾಲ್ಕರ ಬದಲು ಎಂಟು ಡೋವೆಲ್ ಪಿನ್ ಹಾಕಿಸಿ. ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಪ್ರೆಷರ್ ಪ್ಲೇಟ್ ಮೂರನ್ನೂ ಒಟ್ಟಿಗೆ ಬ್ಯಾಲೆನ್ಸ್ ಮಾಡಿಸಿ. ಕನೆಕ್ಟಿಂಗ್ ರಾಡ್‌ಗಳ ತೂಕದಲ್ಲಿ 1 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಪಿಸ್ಟನ್‌ಗಳಲ್ಲೂ ಅಷ್ಟೇ.

ಕ್ಯಾಮ್‌ಗೆ ಎಂಗಲ್ ಡಬ್ಲ್ಯೂ100 ನಮ್ಮ ಆಯ್ಕೆ. ಘೋಷಿತ ಅವಧಿ (ವಾಲ್ವ್ ತೆರೆದಿರುವಷ್ಟು ಹೊತ್ತು ಕ್ರ್ಯಾಂಕ್ ತಿರುಗುವ ಕೋನ) 276 ಡಿಗ್ರಿ, ಮೂಲದ 1.1 ಅನುಪಾತದ ರಾಕರ್ ಜೊತೆ ವಾಲ್ವ್ ಸುಮಾರು 10.7 ಮಿಮೀ ಏಳುತ್ತದೆ. ಎಲ್ಲರೂ ಹೇಳುವ ಡಬ್ಲ್ಯೂ110, 284 ಡಿಗ್ರಿಯದು, ಬೀಟಲ್‌ನಲ್ಲಿ ಚೆನ್ನ. ಬಸ್ಸಿನಲ್ಲಿ ಅದರ ಎಳೆತ ಶುರುವಾಗುವ ಹೊತ್ತಿಗೆ ನೀವು ಗೇರು ಬದಲಿಸಿ ಆಗಿರುತ್ತದೆ. ಹೊಸ ಕ್ಯಾಮ್ ಹಾಕಿದರೆ ಹೊಸ ಟ್ಯಾಪೆಟ್ ಕಡ್ಡಾಯ, ಹಳೆಯದು ಕ್ಯಾಮ್‌ನ ಲೋಬನ್ನು ಮೊದಲ ಅರ್ಧ ಗಂಟೆಯಲ್ಲೇ ತಿಂದುಹಾಕುತ್ತದೆ. ಸ್ಪ್ರಿಂಗ್ ಒಂಟಿಯೇ ಇರಲಿ, ಸ್ವಲ್ಪ ಗಟ್ಟಿ ನಮೂನೆಯದು. ಜೋಡಿ ಸ್ಪ್ರಿಂಗ್ 5,000 ದಾಟಿ ತಿರುಗಿಸುವವರಿಗೆ, ಬಸ್ಸಿನಲ್ಲಿ ಅದು ಕ್ಯಾಮ್ ಸವೆಸುವುದು ಬಿಟ್ಟು ಬೇರೆ ಉಪಕಾರ ಮಾಡುವುದಿಲ್ಲ.

ಆಯಿಲ್ ಪಂಪ್ ಕೊಳ್ಳುವಾಗ ಕ್ಯಾಮ್‌ನ ಗೇರ್ ನೋಡಿ. ಗೇರ್ ಚಪ್ಪಟೆಯಾಗಿದ್ದರೆ ಒಂದು ಬಗೆಯ ಪಂಪ್, ತಟ್ಟೆಯ ಹಾಗೆ ಒಳಗೆ ತಗ್ಗಿದ್ದರೆ ಇನ್ನೊಂದು. ತಪ್ಪಾದುದನ್ನು ಹಾಕಿದರೆ ಒಂದೋ ಪಂಪ್ ಕ್ಯಾಮ್‌ನ ಬೋಲ್ಟಿಗೆ ತಾಗುತ್ತದೆ, ಇಲ್ಲ ಪಂಪಿನ ನಾಲಿಗೆ ಕ್ಯಾಮ್‌ನ ಸೀಳಿಗೆ ಪೂರ್ತಿ ಸಿಗುವುದಿಲ್ಲ. 26 ಮಿಮೀ ಗೇರಿನ ಪಂಪ್ ಸಾಕು.

ಹೆಡ್ ಮತ್ತು ಕಂಪ್ರೆಷನ್ ಲೆಕ್ಕ

ದೊಡ್ಡ ವಾಲ್ವಿನ ಹೆಡ್ ಕೊಳ್ಳಬೇಡಿ. ಮೂಲದ 35.5 ಮಿಮೀ ಇನ್‌ಲೆಟ್, 32 ಮಿಮೀ ಎಕ್ಸಾಸ್ಟ್ ವಾಲ್ವ್ 1776ಕ್ಕೆ 4,000 ಆರ್‌ಪಿಎಂವರೆಗೆ ಬೇಕಾದ ಗಾಳಿ ಕೊಡುತ್ತವೆ. 40 × 35.5 ವಾಲ್ವಿನ ಹೆಡ್ಡಿನಲ್ಲಿ ಎರಡು ಸೀಟ್‌ಗಳ ನಡುವೆ ಲೋಹವೇ ಉಳಿಯುವುದಿಲ್ಲ, ಬಸ್ಸಿನ ಶಾಖಕ್ಕೆ ಅಲ್ಲಿಂದ ಪ್ಲಗ್ ರಂಧ್ರಕ್ಕೆ ಬಿರುಕು ಬಿಡುತ್ತದೆ. ಹಳೆಯ ಹೆಡ್ ಮತ್ತೆ ಬಳಸುವುದಾದರೆ ಇದೇ ಜಾಗದಲ್ಲಿ ಬಿರುಕು ಹುಡುಕಿ. ನಮ್ಮ ಮಾತು ಕೇಳುವುದಾದರೆ ಹೊಸ ಹೆಡ್ಡೇ ತನ್ನಿ, ಎಕ್ಸಾಸ್ಟ್ ವಾಲ್ವ್ ತಲೆ ಕಿತ್ತು ಪಿಸ್ಟನ್ ಮೇಲೆ ಬಿದ್ದರೆ ಇಡೀ ಎಂಜಿನ್ ಹೋಗುತ್ತದೆ.

ಹೊಸ ಹೆಡ್ ಕೈಗೆ ಬಂದ ತಕ್ಷಣ ಅದನ್ನು ಬೆಳಕಿಗೆ ಹಿಡಿದು ಫಿನ್‌ಗಳ ನಡುವೆ ಮೇಲಿನಿಂದ ಕೆಳಕ್ಕೆ ನೋಡಿ. ಎಕ್ಸಾಸ್ಟ್ ಪೋರ್ಟ್ ಸುತ್ತ, ಎರಡು ಛೇಂಬರ್‌ಗಳ ನಡುವೆ, ಪ್ಲಗ್ಗಿನ ಹತ್ತಿರ ಬೆಳಕು ಆಚೆಗೆ ಬರಬೇಕು. ಅನೇಕ ಹೆಡ್‌ಗಳಲ್ಲಿ ಬರುವುದಿಲ್ಲ. ಎರಕ ಹೊಯ್ದಾಗ ಅಚ್ಚಿನ ಸಂದಿಯಲ್ಲಿ ಹರಿದ ಅಲ್ಯೂಮಿನಿಯಂ ತೆಳು ಪೊರೆಯಾಗಿ ಗಟ್ಟಿಯಾಗಿ ಗಾಳಿಯ ದಾರಿಯನ್ನು ಮುಚ್ಚಿರುತ್ತದೆ. ಹೆಡ್ಡಿನ ಅತಿ ಬಿಸಿ ಜಾಗಕ್ಕೇ ಗಾಳಿ ಹೋಗದಿದ್ದರೆ ಯಾವ ಕೂಲರ್ ಹಾಕಿಯೂ ಫಲವಿಲ್ಲ. ಉದ್ದನೆಯ 3-4 ಮಿಮೀ ಡ್ರಿಲ್ ಬಿಟ್ಟನ್ನು ನಿಧಾನ ವೇಗದಲ್ಲಿ ಇಳಿಸಿ ಪೊರೆ ಒಡೆಯಿರಿ, ಆಮೇಲೆ ತೆಳು ಅರ, ಹ್ಯಾಕ್‌ಸಾ ಬ್ಲೇಡಿನ ತುಂಡಿನಿಂದ ಅಂಚು ಸವರಿ. ಫಿನ್‌ಗೆ ಅಥವಾ ವಾಲ್ವ್ ಗೈಡ್ ಸುತ್ತಲಿನ ಗೋಡೆಗೆ ಬಿಟ್ ತಾಗದಂತೆ ನೋಡಿಕೊಳ್ಳಿ. ಒಂದು ಹೆಡ್ಡಿಗೆ ಒಂದು ಗಂಟೆ ಹಿಡಿಯುವ ಕೆಲಸ. ಇಡೀ ಎಂಜಿನ್ನಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ತಂಪು ಕೊಡುವ ಕೆಲಸ ಇನ್ನೊಂದಿಲ್ಲ.

ಈಗ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಅನುಪಾತ. ಮೂಲದ್ದು 7.5. ಬಸ್ಸಿಗೆ ನಾವು 7.8 ಹೇಳುತ್ತೇವೆ, 8.0 ದಾಟಬೇಡಿ. ಇದು ಅಂದಾಜಿನಲ್ಲಿ ಬಿಡುವ ಅಂಕಿಯಲ್ಲ. ಪ್ರತಿ ಸಿಲಿಂಡರ್ ಅಳೆಯಬೇಕು.

ಮೊದಲು ಡೆಕ್, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಗೂ ಸಿಲಿಂಡರ್ ಅಂಚಿಗೂ ಇರುವ ಅಂತರ. ಸಿಲಿಂಡರನ್ನು ಸ್ಟಡ್ಡಿಗೆ ಪೈಪಿನ ತುಂಡು, ನಟ್ ಹಾಕಿ ಕೇಸಿಗೆ ಒತ್ತಿ ಹಿಡಿಯಿರಿ. ಪಿಸ್ಟನ್ ಪಿನ್ನಿನ ನೇರಕ್ಕೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಅಳೆಯಿರಿ. ಪಿನ್ನಿಗೆ ಅಡ್ಡಲಾಗಿ ಅಳೆದರೆ ಪಿಸ್ಟನ್ ಓಲಾಡಿ ತಪ್ಪು ಅಂಕಿ ಕೊಡುತ್ತದೆ. ಗುರಿ 1.0ದಿಂದ 1.5 ಮಿಮೀ. ಕಡಿಮೆ ಬಂದರೆ ಸಿಲಿಂಡರ್ ಬುಡಕ್ಕೆ 0.25 ಅಥವಾ 0.5 ಮಿಮೀ ಶಿಮ್ (ತೆಳು ಉಂಗುರ) ಹಾಕಿ.

ಆಮೇಲೆ ಛೇಂಬರ್. ವಾಲ್ವ್, ಪ್ಲಗ್ ಹಾಕಿ ಹೆಡ್ಡನ್ನು ಬೋರಲು ಇಡಿ. ಅಂಚಿಗೆ ಗ್ರೀಸ್ ಸವರಿ, ಸಣ್ಣ ರಂಧ್ರವಿರುವ ಅಕ್ರಿಲಿಕ್ ಹಾಳೆ ಅಂಟಿಸಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ತುಂಬಿ. ಗಾಳಿ ಗುಳ್ಳೆ ಉಳಿಯದೆ ತುಂಬಿದಾಗ ಎಷ್ಟು ಸಿಸಿ ಹಿಡಿಯಿತೋ ಅದು ಛೇಂಬರ್.

ಲೆಕ್ಕ ಹೀಗೆ. 90.5 × 69ರಲ್ಲಿ ಒಂದು ಸಿಲಿಂಡರ್ 443.9 ಸಿಸಿ. ಡೆಕ್ 1.2 ಮಿಮೀ ಇದ್ದರೆ ಅದರ ಪರಿಮಾಣ 7.7 ಸಿಸಿ. ಛೇಂಬರ್ 52 ಸಿಸಿ ಇದ್ದರೆ ಒಟ್ಟು 59.7. 443.9ನ್ನು 59.7ರಿಂದ ಭಾಗಿಸಿ 1 ಕೂಡಿಸಿ: 8.4. ಬಸ್ಸಿಗೆ ಇದು ಜಾಸ್ತಿ. 7.8 ಬೇಕಾದರೆ ಛೇಂಬರ್ 57.6 ಸಿಸಿ ಇರಬೇಕು. ಇಲ್ಲಿ ಹಲವರು ಸುಲಭದ ದಾರಿ ಹಿಡಿದು ಸಿಲಿಂಡರ್ ಬುಡಕ್ಕೆ ದಪ್ಪ ಶಿಮ್ ಹಾಕಿ ಡೆಕ್ಕನ್ನು 2 ಮಿಮೀ ಮೇಲೆ ಒಯ್ಯುತ್ತಾರೆ. ಕಂಪ್ರೆಷನ್ ಇಳಿಯುತ್ತದೆ, ಆದರೆ ಪಿಸ್ಟನ್ ಮೇಲೆ ಬಂದಾಗ ಮಿಶ್ರಣವನ್ನು ಪ್ಲಗ್ಗಿನತ್ತ ಹಿಂಡಿ ದೂಡುವ ಕೆಲಸ ನಿಂತುಹೋಗಿ, ಉರಿ ನಿಧಾನವಾಗಿ, ಕಡಿಮೆ ಕಂಪ್ರೆಷನ್ನಿನಲ್ಲೂ ನಾಕಿಂಗ್ ಬರುತ್ತದೆ. ಡೆಕ್ ಬಿಗಿಯಾಗಿಯೇ ಇರಲಿ, ಛೇಂಬರನ್ನು ಕತ್ತರಿಸಿ ದೊಡ್ಡದು ಮಾಡಿಸಿ. ಇನ್‌ಲೆಟ್ ವಾಲ್ವಿಗೆ ಒತ್ತಿಕೊಂಡಿರುವ ಗೋಡೆಯಿಂದ ಲೋಹ ತೆಗೆಸಿದರೆ ಗಾಳಿಯ ಹರಿವೂ ಸುಧಾರಿಸುತ್ತದೆ. ನಾಲ್ಕೂ ಛೇಂಬರ್‌ಗಳ ನಡುವೆ ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಜೋಡಣೆ

ಮೇನ್ ಬೇರಿಂಗ್‌ಗಳ ರಂಧ್ರ ಕೇಸಿನ ಡೋವೆಲ್ ಪಿನ್ನಿಗೆ ಸರಿಯಾಗಿ ಕೂರಬೇಕು. ಕೂರದೆ ಕೇಸ್ ಬಿಗಿದರೆ ಬೇರಿಂಗ್ ಹಾಳು, ಕೇಸಿನಲ್ಲೂ ತಗ್ಗು. ಕ್ರ್ಯಾಂಕ್ ಇಳಿಸುವ ಮೊದಲು ಬೇರಿಂಗನ್ನು ಮಾತ್ರ ಇಟ್ಟು, ಪಿನ್ ಸಿಕ್ಕಿದ ಸ್ಥಿತಿಯಲ್ಲಿ ಕೇಸಿನ ಅಂಚಿಗೆ ಸರಿಯಾಗಿ ಬೇರಿಂಗ್ ಮೇಲೆ ಗೆರೆ ಎಳೆದುಕೊಳ್ಳಿ. ಕ್ರ್ಯಾಂಕ್ ಇಳಿದ ಮೇಲೆ ಪಿನ್ ಕಾಣುವುದಿಲ್ಲ, ಗೆರೆ ಕಾಣುತ್ತದೆ. ಕ್ಯಾಮ್ ಗೇರಿನ ಒಂಟಿ ಚುಕ್ಕಿ ಕ್ರ್ಯಾಂಕ್ ಗೇರಿನ ಎರಡು ಚುಕ್ಕಿಗಳ ನಡುವೆ ಬರಬೇಕು. ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿದಾಗ ಕ್ಯಾಮ್ ಜಾಗದಿಂದ ಎದ್ದರೆ ಗೇರ್ ಬಿಗಿ, ಬೇರೆ ಅಳತೆಯ ಗೇರ್ ಬೇಕು. ಕ್ಯಾಮ್, ಟ್ಯಾಪೆಟ್ ಮುಖಕ್ಕೆ ಮಾಲಿಬ್ಡಿನಂ ಪೇಸ್ಟ್ ದಪ್ಪಗೆ ಹಚ್ಚಿ.

ಕೇಸಿನ 12 ಮಿಮೀ ನಟ್‌ಗಳು 34 ನ್ಯೂಟನ್-ಮೀಟರ್, 8 ಮಿಮೀ ನಟ್‌ಗಳು 20. ಎರಡು-ಮೂರು ಹಂತದಲ್ಲಿ ಬಿಗಿಯುತ್ತ, ಪ್ರತಿ ಹಂತಕ್ಕೂ ಕ್ರ್ಯಾಂಕ್ ಕೈಯಲ್ಲಿ ತಿರುಗುತ್ತದೆಯೇ ನೋಡಿ. ಬಿಗಿತ ಕಂಡ ಕ್ಷಣ ನಿಲ್ಲಿಸಿ ಬಿಚ್ಚಿ. ರಾಡ್ ನಟ್ 33. ಪಿಸ್ಟನ್ ಮೇಲಿನ ಬಾಣ ಫ್ಲೈವೀಲ್ ಕಡೆಗೆ. ಮೇಲಿನ ರಿಂಗಿನ ತುದಿಗಳ ಅಂತರ 0.35-0.45 ಮಿಮೀ, ಕಡಿಮೆ ಇದ್ದರೆ ಅರದಿಂದ ಉಜ್ಜಿ.

ಕ್ರ್ಯಾಂಕಿನ ಮುಂದು-ಹಿಂದಿನ ಆಟ 0.07ರಿಂದ 0.13 ಮಿಮೀ ಇರಬೇಕು. ಸೀಲ್ ಇಲ್ಲದೆ ಎರಡು ಶಿಮ್ ಮಾತ್ರ ಹಾಕಿ ಫ್ಲೈವೀಲ್ ಬಿಗಿದು ಡಯಲ್ ಗೇಜ್‌ನಲ್ಲಿ ಅಳೆಯಿರಿ. ಬಂದ ಅಂಕಿಯಿಂದ 0.10 ಕಳೆದರೆ ಮೂರನೇ ಶಿಮ್ಮಿನ ದಪ್ಪ. ಶಿಮ್‌ಗಳು 0.24, 0.30, 0.32, 0.34, 0.36 ಮಿಮೀ ಅಳತೆಯಲ್ಲಿ ಸಿಗುತ್ತವೆ. ಯಾವಾಗಲೂ ಮೂರೇ ಹಾಕಬೇಕು. ಫ್ಲೈವೀಲ್‌ನ ನಡು ನಟ್ 295 ನ್ಯೂಟನ್-ಮೀಟರ್, ಉದ್ದ ಪೈಪಿಲ್ಲದೆ ಆಗದ ಬಿಗಿ ಅದು.

ಪುಶ್‌ರಾಡ್ ಕೊಳವೆಗಳನ್ನು ಕೈಯಿಂದ 190-191 ಮಿಮೀಗೆ ಎಳೆದು, ಬೆಸುಗೆ ಗೆರೆ ಮೇಲಕ್ಕೆ ಬರುವಂತೆ ಕೂರಿಸಿ. ಇದಕ್ಕೂ ಮೊದಲು ಸಿಲಿಂಡರ್‌ಗಳ ಕೆಳಗಿನ ಸಣ್ಣ ಗಾಳಿ ತಗಡುಗಳನ್ನು ಹಾಕಿರಬೇಕು, ಆಮೇಲೆ ಅವಕ್ಕೆ ದಾರಿಯಿಲ್ಲ. 8 ಮಿಮೀ ಸ್ಟಡ್ಡಿನ ಹೆಡ್ ನಟ್ ಮೊದಲು 10 ನ್ಯೂಟನ್-ಮೀಟರಿಗೆ, ಆಮೇಲೆ ಅಡ್ಡಡ್ಡ ಕ್ರಮದಲ್ಲಿ 25ಕ್ಕೆ. 10 ಮಿಮೀ ಸ್ಟಡ್ಡೇ ಉಳಿಸಿಕೊಂಡಿದ್ದರೆ 32. ಕೇಸ್ ಕತ್ತರಿಸಿ, ಶಿಮ್ ಹಾಕಿದ ಮೇಲೆ ಪುಶ್‌ರಾಡ್ ಉದ್ದ ಹಳೆಯದೇ ಸರಿಹೋಗುತ್ತದೆ ಎಂದು ನಂಬಬೇಡಿ. ವಾಲ್ವ್ ಅರ್ಧ ಎದ್ದಾಗ ರಾಕರ್‌ನ ಅಡ್ಜಸ್ಟರ್ ಸ್ಕ್ರೂ ವಾಲ್ವ್ ಕಾಂಡದ ನೇರಕ್ಕೆ ಇರಬೇಕು, ಆ ಉದ್ದಕ್ಕೆ ಅಲ್ಯೂಮಿನಿಯಂ ರಾಡ್ ಕತ್ತರಿಸಿಕೊಳ್ಳಿ. ಸ್ಟೀಲ್ ರಾಡ್ ಬೇಡ: ಎಂಜಿನ್ ಹಿಗ್ಗಿದಷ್ಟು ಅದು ಹಿಗ್ಗದೆ ಬಿಸಿಯಲ್ಲಿ ಟ್ಯಾಪೆಟ್ ಸದ್ದು ಮಾಡುತ್ತದೆ. ಗ್ಯಾಪ್ ತಣ್ಣಗಿದ್ದಾಗ ಎರಡೂ ವಾಲ್ವಿಗೆ 0.15 ಮಿಮೀ.

ಗಾಳಿ ಮತ್ತು ಆಯಿಲ್

ಫ್ಯಾನ್ ಕವಚ 1971ರ ನಂತರದ್ದೇ ಆಗಲಿ. ಅದರಲ್ಲಿ ಆಯಿಲ್ ಕೂಲರ್ ಹಿಂದೆ ಪ್ರತ್ಯೇಕ ಗೂಡಿನಲ್ಲಿದೆ, ಫ್ಯಾನೂ ಅಗಲ. ಹಳೆಯದರಲ್ಲಿ ಕೂಲರ್ 3ನೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತು ಆ ಸಿಲಿಂಡರನ್ನು ಬೇಯಿಸುತ್ತದೆ. ಎಲ್ಲ ತಗಡುಗಳು, ಎಂಜಿನ್ ಸುತ್ತಲಿನ ರಬ್ಬರ್ ಸೀಲ್, ಫ್ಲಾಪ್, ಥರ್ಮೋಸ್ಟಾಟ್ ಇರಲೇಬೇಕು. ಒಂದು ಸೀಲ್ ಹರಿದಿದ್ದರೂ ಎಂಜಿನ್ ಕೆಳಗಿನ ಬಿಸಿ ಗಾಳಿ ಮತ್ತೆ ಮೇಲೆ ಬಂದು ಫ್ಯಾನಿಗೆ ಸೇರುತ್ತದೆ. ಹೊಳೆಯುವ ಸಣ್ಣ "ಪವರ್ ಪುಲ್ಲಿ" ಹಾಕಬೇಡಿ, ಅದು ಫ್ಯಾನಿನ ವೇಗವನ್ನೇ ಇಳಿಸುತ್ತದೆ.

ಮೂಲ ಸಂಪ್ (ಆಯಿಲ್ ತೊಟ್ಟಿ) ಹಿಡಿಯುವುದು 2.5 ಲೀಟರ್. ಬಿಸಿ ಪ್ರದೇಶದಲ್ಲಿ, ತುಂಬು ಹೊರೆಯಲ್ಲಿ ಓಡಿಸುವವರು ಥರ್ಮೋಸ್ಟಾಟ್ ಮತ್ತು ಫ್ಯಾನ್ ಇರುವ ಹೊರಗಿನ ಕೂಲರ್ ಸೇರಿಸಿ. ಎರಡು ಮೀಟರ್ ಬೇಕೇ ಬೇಕು: ಆಯಿಲ್ ಶಾಖಕ್ಕೆ ಒಂದು, 3ನೇ ಸಿಲಿಂಡರ್ ಪ್ಲಗ್ಗಿನ ಬುಡದಲ್ಲಿ ಹೆಡ್ ಶಾಖಕ್ಕೆ ಒಂದು. ಆಯಿಲ್ 80-110 ಡಿಗ್ರಿ ಸೆಲ್ಸಿಯಸ್ ಸರಿ, 120 ಮುಟ್ಟಿದರೆ ನಿಧಾನಿಸಿ. ಹೆಡ್ 200 ದಾಟಿ ನಿಂತರೆ ಗೇರು ಇಳಿಸಿ ಕಾಲು ಸಡಿಲಿಸಿ, 230ರಲ್ಲಿ ಅಲ್ಯೂಮಿನಿಯಂ ಬಲ ಕಳೆದುಕೊಳ್ಳುತ್ತದೆ.

ಕಾರ್ಬ್ಯುರೇಟರ್

ಒಂಟಿ ಸೋಲೆಕ್ಸ್ 34 ಪಿಕ್ಟ್-3 ಇಟ್ಟುಕೊಂಡೂ 1776 ಓಡಿಸಬಹುದು, ಆದರೆ ಸಿಗಬೇಕಾದ ಲಾಭದ ಅರ್ಧ ಉದ್ದ ಮ್ಯಾನಿಫೋಲ್ಡ್‌ನಲ್ಲೇ ಉಳಿಯುತ್ತದೆ. ಕಡಿಮೆ ತಾಪತ್ರಯದ ಜೋಡಿ ವೆಬರ್ 34 ಐಸಿಟಿ. ಪೆಟ್ಟಿಗೆಯಿಂದ ಬಂದ ಜೆಟ್ 1776ಕ್ಕೆ ಬಡವಾಗುವುದು (ಪೆಟ್ರೋಲ್ ಸಾಲದಾಗುವುದು) ಸಾಮಾನ್ಯ, ಮುಂದಿನ ಎರಡು ಅಳತೆಯ ಮೇನ್ ಮತ್ತು ಐಡಲ್ ಜೆಟ್ ಜೊತೆಗೇ ಕೊಂಡಿಡಿ. ವೆಬರ್ 40 ಐಡಿಎಫ್ ಆದರೆ 28 ಮಿಮೀ ವೆಂಚುರಿ, ಮೇನ್ 120-125, ಏರ್ 200, ಎಫ್11 ಎಮಲ್ಷನ್ ಕೊಳವೆ, ಐಡಲ್ 50-55ರಿಂದ ಶುರುಮಾಡಿ. ಪೆಟ್ರೋಲ್ ಒತ್ತಡ 0.2-0.25 ಬಾರ್, ಅದಕ್ಕಿಂತ ಹೆಚ್ಚಾದರೆ ಸೂಜಿ ತಡೆಯದೆ ಪೆಟ್ರೋಲ್ ಉಕ್ಕುತ್ತದೆ.

ವೈಡ್‌ಬ್ಯಾಂಡ್ ಮೀಟರ್ ಇದ್ದರೆ ಗಾಳಿ-ಪೆಟ್ರೋಲ್ ಅನುಪಾತ ಪೂರ್ತಿ ಆಕ್ಸಿಲರೇಟರ್‌ನಲ್ಲಿ 12.5, ಸಮ ವೇಗದಲ್ಲಿ 13.5 ಆಸುಪಾಸು ಬರಲಿ. ಎಥನಾಲ್ ಬೆರೆತ ಪೆಟ್ರೋಲ್ ಮಿಶ್ರಣವನ್ನು ಬಡವಾಗಿಸುತ್ತದೆ. ಭಾರತದ ಇ20ರಲ್ಲಿ (ಶೇ 20 ಎಥನಾಲ್) ಮೇನ್ ಜೆಟ್ ಒಂದೆರಡು ಅಳತೆ ದೊಡ್ಡದು ಬೇಕಾಗುತ್ತದೆ. ಹಳೆಯ ರಬ್ಬರ್ ಪೈಪನ್ನೂ ಎಥನಾಲ್ ತಿನ್ನುತ್ತದೆ. ಈ ಬಸ್ಸುಗಳು ಹೊತ್ತಿ ಉರಿಯುವುದು ಹೆಚ್ಚಾಗಿ ಪೆಟ್ರೋಲ್ ಪೈಪಿನಿಂದಲೇ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲ ಪೈಪ್ ಎಥನಾಲ್ ತಡೆಯುವ ನಮೂನೆಗೆ ಬದಲಿಸಿ, ಪ್ರತಿ ತುದಿಗೂ ಕ್ಲಿಪ್ ಹಾಕಿ, ತಗಡು ದಾಟುವಲ್ಲಿ ರಬ್ಬರ್ ಗ್ರೋಮೆಟ್ ಇಡಿ. ಕಾರ್ಬ್ಯುರೇಟರ್‌ಗೆ ಒತ್ತಿ ಕೂರಿಸಿದ ಹಿತ್ತಾಳೆ ನಳಿಕೆ ಅಲುಗಾಡಿದರೆ ಹಾಗೇ ಬಿಡಬೇಡಿ.

ಎರಡನ್ನೂ ಹೊಂದಿಸುವಾಗ ಎಂಜಿನ್ ಪೂರ್ತಿ ಬಿಸಿಯಾಗಿರಲಿ. ಲಿಂಕೇಜ್ ಬಿಡಿಸಿ, 850-900 ಆರ್‌ಪಿಎಂನಲ್ಲಿ ಗಾಳಿ ಮೀಟರ್ ಇಟ್ಟು ಎರಡೂ ಬದಿ ಸಮ ಮಾಡಿ, ಲಿಂಕೇಜ್ ಸಿಕ್ಕಿಸಿ, 2,500ರಲ್ಲಿ ಮತ್ತೆ ನೋಡಿ. ತಣ್ಣಗಿದ್ದಾಗ ಹೊಂದಿಸಿದ್ದು ಎಂಜಿನ್ ಹಿಗ್ಗಿದಾಗ ತಪ್ಪುತ್ತದೆ.

ಸೈಲೆನ್ಸರ್ ವಿಷಯ ಚಿಕ್ಕದು: 38 ಮಿಮೀ ಕೊಳವೆಯ ಹೆಡರ್ ಸಾಕು. ಚಳಿ ದೇಶದಲ್ಲಿದ್ದರೆ ಹೀಟ್ ಎಕ್ಸ್‌ಚೇಂಜರ್ ಬಿಡಬೇಡಿ, ಬಸ್ಸಿನ ಒಳಗೆ ಬಿಸಿ ಬರುವುದೇ ಅದರಿಂದ.

ಇಗ್ನಿಷನ್, ಮೊದಲ ಸ್ಟಾರ್ಟ್

009 ಡಿಸ್ಟ್ರಿಬ್ಯೂಟರ್ ಅಗ್ಗ, ಆದರೆ ವ್ಯಾಕ್ಯೂಮ್ ಇಲ್ಲದ್ದರಿಂದ ಆಕ್ಸಿಲರೇಟರ್ ಕೊಟ್ಟ ಕ್ಷಣ ಎಂಜಿನ್ ತಡವರಿಸುತ್ತದೆ. ವ್ಯಾಕ್ಯೂಮ್ ಮತ್ತು ಸೆಂಟ್ರಿಫ್ಯೂಗಲ್ ಎರಡೂ ಇರುವುದನ್ನು ಹಾಕಿ. ಕೊಳ್ಳುವ ಕಾರ್ಬ್ಯುರೇಟರ್‌ನಲ್ಲಿ ವ್ಯಾಕ್ಯೂಮ್ ನಳಿಕೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ವ್ಯಾಕ್ಯೂಮ್ ಪೈಪ್ ತೆಗೆದು ಮುಚ್ಚಿ, 3,500 ಆರ್‌ಪಿಎಂನಲ್ಲಿ ಒಟ್ಟು ಅಡ್ವಾನ್ಸ್ (ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಹಾರುವ ಕೋನ) 28 ಡಿಗ್ರಿಗೆ ಇಡಿ. 32ರವರೆಗೆ ಪಿಕಪ್ ಚೆನ್ನಾಗಿ ಕಾಣುತ್ತದೆ, ಏರಿನಲ್ಲಿ ಹೆಡ್ ಶಾಖವೂ ಜೊತೆಗೇ ಏರುತ್ತದೆ. ಪ್ಲಗ್ ಎನ್‌ಜಿಕೆ ಬಿ6ಎಚ್‌ಎಸ್, ಗ್ಯಾಪ್ 0.6-0.7 ಮಿಮೀ. ಫೈರಿಂಗ್ ಕ್ರಮ 1-4-3-2.

ಮೊದಲ ಸ್ಟಾರ್ಟಿಗೆ ಜಿಂಕ್ ಹೆಚ್ಚಿರುವ 20ಡಬ್ಲ್ಯೂ-50 ಆಯಿಲ್. ಪ್ಲಗ್ ತೆಗೆದು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ತುಂಬಿರಲಿ, ಟೈಮಿಂಗ್ ಅಂದಾಜಿಗೆ ಸರಿಯಿರಲಿ: ಮೊದಲ ಸಲವೇ ಎಂಜಿನ್ ಹಿಡಿಯಬೇಕು. ಹಿಡಿದ ತಕ್ಷಣ 2,000-2,500ಕ್ಕೆ ಒಯ್ದು 20 ನಿಮಿಷ ಅಲ್ಲೇ ಇಡಿ, ಐಡಲ್‌ಗೆ ಬಿಡಬೇಡಿ. ಕ್ಯಾಮ್‌ಗೆ ಆಯಿಲ್ ಸಿಗುವುದು ಕ್ರ್ಯಾಂಕ್ ಚಿಮ್ಮಿಸಿದ್ದರಿಂದ, ನಿಧಾನ ತಿರುಗಿದರೆ ಚಿಮ್ಮುವುದಿಲ್ಲ, ಲೋಬ್ ಮತ್ತು ಟ್ಯಾಪೆಟ್ ಪಳಗುವ ಬದಲು ಉಜ್ಜಿ ಹೋಗುತ್ತವೆ. ಹೆಡ್ ಮೀಟರ್ 200 ತೋರಿಸಿದರೆ ಮಾತ್ರ ನಿಲ್ಲಿಸಿ, ತಣಿಸಿ, ಉಳಿದ ಸಮಯ ಮುಂದುವರಿಸಿ. ಆಮೇಲೆ ಆಯಿಲ್, ಫಿಲ್ಟರ್ ಬದಲಿಸಿ. ಬಂದ ಆಯಿಲ್ ಬಿಳಿ ತಟ್ಟೆಯಲ್ಲಿ ಹಾಕಿ ನೋಡಿ: ಬೂದು ಪೇಸ್ಟ್ ಸ್ವಲ್ಪ ಇರುವುದು ಸಹಜ, ಮಿನುಗುವ ಚೂರು ಇದ್ದರೆ ಕೇಸ್ ಬಿಚ್ಚಬೇಕು.

ರಿಂಗ್ ಕೂರುವುದು ಲೋಡಿನಲ್ಲಿ. ಮೂರನೇ ಗೇರಿನಲ್ಲಿ 2,000ದಿಂದ 3,500ವರೆಗೆ ಗಟ್ಟಿಯಾಗಿ ಎಳೆದು, ಕಾಲು ತೆಗೆದು ಎಂಜಿನ್ ಬ್ರೇಕಿನಲ್ಲಿ ಇಳಿಸಿ, ಹೀಗೆ ಹತ್ತು-ಹದಿನೈದು ಸಲ. ಬಿಸಿ ಎಂಜಿನ್ನಿನ ಆಯಿಲ್ ಪ್ರೆಷರ್ ಪ್ರತಿ 1,000 ಆರ್‌ಪಿಎಂಗೆ 0.7 ಬಾರ್ ಇದ್ದರೆ ಸರಿ. 500 ಕಿಮೀಗೆ ವಾಲ್ವ್ ಗ್ಯಾಪ್, ಆಯಿಲ್, ಟೈಮಿಂಗ್ ಮತ್ತೆ. 3ನೇ ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ಪ್ರತಿ ಸಲವೂ ಕಡಿಮೆಯಾಗುತ್ತಿದ್ದರೆ ವಾಲ್ವ್ ಉದ್ದವಾಗುತ್ತಿದೆ ಅಥವಾ ಸೀಟ್ ಕುಸಿಯುತ್ತಿದೆ, ಸ್ಕ್ರೂ ತಿರುಗಿಸಿ ಮುಂದುವರಿಯದೆ ಹೆಡ್ ಇಳಿಸಿ ನೋಡಿ.

ಕಾಲು ತೆಗೆದಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬಂದರೆ ಮೊದಲು ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿಕೆ ನೋಡಿ, ಆಮೇಲೆ ಐಡಲ್ ಜೆಟ್. ಒಂದು ಬದಿಯ ಪ್ಲಗ್‌ಗಳು ಮಾತ್ರ ಬೆಳ್ಳಗಿದ್ದರೆ ಆ ಬದಿಯ ಮ್ಯಾನಿಫೋಲ್ಡ್ ಬುಡದಲ್ಲಿ ಗಾಳಿ ಎಳೆಯುತ್ತಿದೆ. ಘಾಟಿಯಲ್ಲಿ ಹೆಡ್ ಶಾಖ ಏರಿದರೆ ನಾಲ್ಕನೇ ಗೇರಿನಲ್ಲಿ ತೆವಳಬೇಡಿ, ಮೂರಕ್ಕೆ ಇಳಿಸಿ 3,000 ಮೇಲೆ ತಿರುಗಿಸಿ. ಫ್ಯಾನ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ, ಆರ್‌ಪಿಎಂ ಏರಿದರೇ ಗಾಳಿ.